ಮಾನದಂಡಗಳ ಪರಸ್ಪರ ಮಾನ್ಯತೆ: ಮಾವು, ಮೆಣಸಿನಕಾಯಿ ರಫ್ತುದಾರರು ಅರಿಯಬೇಕಾದ ಸಂಗತಿಗಳು

ಹಾನಗಲ್, ಶಿಗ್ಗಾಂವಿ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳ ವ್ಯಾಪಾರಸ್ಥರಿಗೆ ರಫ್ತು ಎಂಬುದು ಇಂದು ದೂರದ ಮಾತಾಗಿ ಉಳಿದಿಲ್ಲ. ಹಾನಗಲ್ ಭಾಗ ಮಾವಿಗೆ ಹೆಸರಾಗಿದೆ. ನೆರೆಯ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಈ ತಾಲ್ಲೂಕುಗಳಿಂದಲೂ ಮಾಲು ಬಂದು ಸೇರುತ್ತದೆ. ಕಡಿಮೆ ಖಾರ ಮತ್ತು ಗಾಢ ಕೆಂಪು ಬಣ್ಣಕ್ಕೆ ಪ್ರಸಿದ್ಧವಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಇಷ್ಟಾದರೂ, ಹೆಸರಿರುವ ಮಾಲು ಹೊರದೇಶದ ಬಂದರಿನಲ್ಲಿ ಸುಲಭವಾಗಿ ಇಳಿಯುತ್ತದೆ ಎಂದು ಭಾವಿಸುವಂತಿಲ್ಲ. ಸುಂಕದ ಅಡೆತಡೆಗಿಂತ ಮಾನದಂಡದ ಅಡೆತಡೆಯೇ ಅನೇಕ ವೇಳೆ ದೊಡ್ಡದಾಗಿರುತ್ತದೆ.

ಒಂದು ಸರಳ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಒದ್ದೆಯಾದ ಅಥವಾ ಸರಿಯಾಗಿ ಒಣಗದ ಮೆಣಸಿನಕಾಯಿಯಲ್ಲಿ ಬೂಷ್ಟು ಬೆಳೆದಾಗ ಅಫ್ಲಾಟಾಕ್ಸಿನ್ ಎಂಬ ವಿಷಾಂಶ ಉಂಟಾಗುತ್ತದೆ. ಒಂದು ಕಿಲೋಗ್ರಾಂ ಮೆಣಸಿನಕಾಯಿಯಲ್ಲಿ ಒಟ್ಟು ಅಫ್ಲಾಟಾಕ್ಸಿನ್ 10 ಮೈಕ್ರೋಗ್ರಾಂ ಮೀರಬಾರದು, ಅದರಲ್ಲಿ ಬಿ1 ಎಂಬ ಬಗೆಯದು 5 ಮೈಕ್ರೋಗ್ರಾಂ ಮೀರಬಾರದು ಎಂದು ಯುರೋಪಿಯನ್ ಒಕ್ಕೂಟದ ನಿಯಮ ಹೇಳುತ್ತದೆ. ಅಮೆರಿಕದಲ್ಲಿ ಕ್ರಮಕ್ಕೆ ಒಳಪಡುವ ಮಿತಿ 20 ಮೈಕ್ರೋಗ್ರಾಂ. ಭಾರತದಲ್ಲಿ ಹಿಂದಿನ ಆಹಾರ ಕಲಬೆರಕೆ ತಡೆ ನಿಯಮಗಳು 30 ಮೈಕ್ರೋಗ್ರಾಂವರೆಗೆ ಅವಕಾಶ ನೀಡಿದ್ದವು. ಒಂದೇ ಚೀಲದ 15 ಮೈಕ್ರೋಗ್ರಾಂ ಅಂಶವುಳ್ಳ ಮಾಲು ಒಂದು ದೇಶದಲ್ಲಿ ಯೋಗ್ಯವೆನಿಸಿದರೆ ಮತ್ತೊಂದು ದೇಶದಲ್ಲಿ ತಿರಸ್ಕಾರಕ್ಕೆ ಗುರಿಯಾಗುತ್ತದೆ. ಮಾಲು ಬದಲಾಗಿಲ್ಲ, ನಿಯಮ ಬದಲಾಗಿದೆ. ಇದರ ಮೇಲೆ ಪ್ರತಿಯೊಂದು ದೇಶವೂ ತನ್ನ ಬಂದರಿನಲ್ಲಿ ತಾನೇ ಪರೀಕ್ಷೆ ನಡೆಸಬೇಕೆಂದರೆ ವೆಚ್ಚ, ವಿಳಂಬ ಮತ್ತು ಅನಿಶ್ಚಿತತೆ ಮೂರೂ ರಫ್ತುದಾರನ ತಲೆಯ ಮೇಲೆ ಬೀಳುತ್ತವೆ. ಈ ಹೊರೆಯನ್ನು ತಗ್ಗಿಸಲು ರೂಪುಗೊಂಡ ವ್ಯವಸ್ಥೆಯೇ ಮಾನದಂಡಗಳ ಪರಸ್ಪರ ಮಾನ್ಯತೆ.

ಮೂರು ಮಾರ್ಗಗಳು

ಬೇರೆ ಬೇರೆ ದೇಶಗಳ ನಿಯಮಗಳನ್ನು ಹೊಂದಿಸಲು ಮೂರು ಮಾರ್ಗಗಳಿವೆ. ಇವುಗಳ ವ್ಯತ್ಯಾಸವನ್ನು ತಿಳಿಯದಿದ್ದರೆ ಒಪ್ಪಂದಗಳ ಸುದ್ದಿಯನ್ನು ತಪ್ಪಾಗಿ ಅರ್ಥಮಾಡಿಕೊಳ್ಳುವ ಸಂಭವವಿದೆ.

ಮೊದಲನೆಯದು ಏಕೀಕರಣ. ಮೆಟ್ರಿಕ್ ಪದ್ಧತಿ ಬರುವ ಮುನ್ನ ಸೇರು, ಕೊಳಗ, ಮಣಗಳ ಪ್ರಮಾಣ ಊರಿನಿಂದ ಊರಿಗೆ ಬೇರೆಯಾಗಿತ್ತು. ಕಿಲೋಗ್ರಾಂ ಬಂದ ಬಳಿಕ ಎಲ್ಲರ ತಕ್ಕಡಿಯೂ ಒಂದೇ ಆಯಿತು. ಅಂತರರಾಷ್ಟ್ರೀಯ ಮಟ್ಟದಲ್ಲಿ ಆಹಾರ ಪದಾರ್ಥಗಳಿಗೆ ಇಂತಹ ಸಮಾನ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಕೋಡೆಕ್ಸ್ ಆಯೋಗ. ಸಂಬಾರ ಪದಾರ್ಥಗಳಿಗಾಗಿ ಕೋಡೆಕ್ಸ್ 2013ರಲ್ಲಿ ಪ್ರತ್ಯೇಕ ಸಮಿತಿಯನ್ನು ರಚಿಸಿ, ಅದರ ಆತಿಥ್ಯವನ್ನು ಭಾರತಕ್ಕೆ ವಹಿಸಿತು. ಸಮಿತಿಯ ಮೊದಲ ಅಧಿವೇಶನ 2014ರಲ್ಲಿ ಕೊಚ್ಚಿಯಲ್ಲಿ ನಡೆಯಿತು. ಒಣ ಮೆಣಸಿನಕಾಯಿಯ ಕೋಡೆಕ್ಸ್ ಮಾನದಂಡಕ್ಕೆ 2022ರಲ್ಲಿ ಒಪ್ಪಿಗೆ ದೊರೆಯಿತು. ಈ ಮಾರ್ಗ ಶಾಶ್ವತವಾದದ್ದು, ಆದರೆ ಬಹಳ ನಿಧಾನವಾದದ್ದು.

ಎರಡನೆಯದು ಸಮಾನತೆಯ ಅಂಗೀಕಾರ. ಇಲ್ಲಿ ಎರಡು ದೇಶಗಳ ವಿಧಾನಗಳು ಬೇರೆಯಾಗಿಯೇ ಉಳಿಯುತ್ತವೆ. ಆದರೆ ಅವುಗಳಿಂದ ದೊರೆಯುವ ರಕ್ಷಣೆ ಒಂದೇ ಮಟ್ಟದ್ದೆಂದು ಆಮದು ದೇಶ ಒಪ್ಪಿಕೊಳ್ಳುತ್ತದೆ. 1995ರ ಜನವರಿ 1ರಂದು ಅಸ್ತಿತ್ವಕ್ಕೆ ಬಂದ ವಿಶ್ವ ವಾಣಿಜ್ಯ ಸಂಸ್ಥೆಯ ಆಹಾರ, ಪ್ರಾಣಿ ಹಾಗೂ ಸಸ್ಯ ಸಂರಕ್ಷಣಾ ಒಪ್ಪಂದದ 4ನೆಯ ವಿಧಿಯು ಇದಕ್ಕೆ ಆಧಾರ. ತನ್ನ ವಿಧಾನ ಸಮಾನವಾದದ್ದೆಂದು ಸಾಕ್ಷ್ಯಸಮೇತ ತೋರಿಸಿಕೊಡುವ ಹೊಣೆ ರಫ್ತು ಮಾಡುವ ದೇಶದ್ದೆಂಬ ಅಂಶ ಇಲ್ಲಿ ಗಮನಾರ್ಹ.

ಮೂರನೆಯದು ಪರಸ್ಪರ ಮಾನ್ಯತೆ. ಒಂದು ದೇಶದಲ್ಲಿ ನಡೆದ ಪರೀಕ್ಷೆ, ತಪಾಸಣೆ ಮತ್ತು ಪ್ರಮಾಣೀಕರಣವನ್ನು ಇನ್ನೊಂದು ದೇಶ ತನ್ನದೇ ಎಂಬಂತೆ ಸ್ವೀಕರಿಸುತ್ತದೆ. ಮೊದಲ ದೇಶವೂ ಹಾಗೆಯೇ ನಡೆದುಕೊಳ್ಳುತ್ತದೆ. ವಿಶ್ವ ವಾಣಿಜ್ಯ ಸಂಸ್ಥೆಯ ತಾಂತ್ರಿಕ ಅಡೆತಡೆಗಳ ಒಪ್ಪಂದದ 6ನೆಯ ವಿಧಿ ಇಂತಹ ಮಾತುಕತೆಗಳಿಗೆ ಪ್ರೋತ್ಸಾಹ ನೀಡುತ್ತದೆ. ಆದರೆ ಕಡ್ಡಾಯ ಮಾಡುವುದಿಲ್ಲ.

ಈ ತತ್ವದ ಅತ್ಯಂತ ವಿಶಾಲವಾದ ರೂಪ ಕಂಡುಬರುವುದು ಯುರೋಪಿನಲ್ಲಿ. ಫ್ರಾನ್ಸ್‌ನಲ್ಲಿ ತಯಾರಾದ ಕಾಸಿಸ್ ಎಂಬ ಹಣ್ಣಿನ ಮದ್ಯದಲ್ಲಿ ಆಲ್ಕೊಹಾಲ್ ಪ್ರಮಾಣ ಶೇ. 15ರಿಂದ 20ರಷ್ಟಿತ್ತು. ಅಂತಹ ಮದ್ಯದಲ್ಲಿ ಕನಿಷ್ಠ ಶೇ. 25ರಷ್ಟಿರಬೇಕೆಂಬ ನಿಯಮವನ್ನು ಮುಂದಿಟ್ಟು ಜರ್ಮನಿ ಅದರ ಮಾರಾಟವನ್ನು ತಡೆಯಿತು. 1979ರ ಫೆಬ್ರವರಿ 20ರಂದು ಯುರೋಪಿನ ನ್ಯಾಯಾಲಯವು, ಒಂದು ಸದಸ್ಯ ರಾಷ್ಟ್ರದಲ್ಲಿ ಕಾನೂನುಬದ್ಧವಾಗಿ ತಯಾರಾಗಿ ಮಾರಾಟವಾಗುವ ವಸ್ತುವನ್ನು ಸಾರ್ವಜನಿಕ ಆರೋಗ್ಯದಂತಹ ಪ್ರಬಲ ಕಾರಣವಿಲ್ಲದೆ ಇನ್ನೊಂದು ಸದಸ್ಯ ರಾಷ್ಟ್ರ ತಡೆಯುವಂತಿಲ್ಲ ಎಂದು ತೀರ್ಪಿತ್ತಿತು. ಆದರೆ ಇದು ಒಂದೇ ಒಕ್ಕೂಟದ, ಒಂದೇ ನ್ಯಾಯಾಲಯದ ಅಧೀನದಲ್ಲಿರುವ ರಾಷ್ಟ್ರಗಳ ನಡುವಿನ ಮಾತು. ಹೊರಗಿನ ದೇಶಗಳಿಗೆ ಇಷ್ಟು ವಿಶಾಲವಾದ ಬಾಗಿಲು ತೆರೆದಿಲ್ಲ. ಅವುಗಳಿಗೆ ದೊರೆಯುವುದು ಸರಕಿನಿಂದ ಸರಕಿಗೆ, ಪ್ರಕ್ರಿಯೆಯಿಂದ ಪ್ರಕ್ರಿಯೆಗೆ ಅಳೆದು ಕೊಡುವ ಮಾನ್ಯತೆ ಮಾತ್ರ.

ಪರೀಕ್ಷೆಗೆ ಮಾನ್ಯತೆ, ಮಿತಿಗೆ ಅಲ್ಲ

ವ್ಯಾಪಾರಸ್ಥರಲ್ಲಿ ಕಂಡುಬರುವ ಒಂದು ಸಾಮಾನ್ಯ ತಪ್ಪು ಕಲ್ಪನೆಯನ್ನು ಇಲ್ಲಿ ನಿವಾರಿಸುವುದು ಅಗತ್ಯ. ಮಾನ್ಯತೆ ಪಡೆದ ಪ್ರಯೋಗಾಲಯದ ವರದಿ ಕೈಯಲ್ಲಿದ್ದರೆ ಮಾಲು ಎಲ್ಲ ದೇಶಗಳಿಗೂ ಹೋಗಬಹುದೆಂದು ಕೆಲವರು ತಿಳಿಯುತ್ತಾರೆ. ಭಾರತದ ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ಎನ್.ಎ.ಬಿ.ಎಲ್. ಮಂಡಳಿಯು 2000ದಲ್ಲಿ ಅಂತರರಾಷ್ಟ್ರೀಯ ಪರಸ್ಪರ ಮಾನ್ಯತಾ ವ್ಯವಸ್ಥೆಗೆ ಸಹಿ ಹಾಕಿತು. ಇದರ ಅರ್ಥವಿಷ್ಟೇ: ಭಾರತದ ಪ್ರಯೋಗಾಲಯ ಅಳೆದ 15 ಮೈಕ್ರೋಗ್ರಾಂ ಎಂಬ ಅಂಕಿಯನ್ನು ಹೊರದೇಶದವರು 15 ಎಂದೇ ನಂಬಲು ಆಧಾರ ದೊರೆತಿದೆ. 15 ತನಗೆ ಒಪ್ಪಿಗೆಯೋ ಅಲ್ಲವೋ ಎಂಬುದನ್ನು ಆ ದೇಶದ ಕಾನೂನೇ ತೀರ್ಮಾನಿಸುತ್ತದೆ. ತಕ್ಕಡಿಯನ್ನು ಒಪ್ಪಿಕೊಂಡವರು ದರವನ್ನೂ ಒಪ್ಪಿಕೊಂಡರೆಂದು ತಿಳಿಯಬಾರದು. ಅಲ್ಲದೆ ಆಮದು ದೇಶದ ಅಧಿಕಾರಿಗಳು ಮರುಪರೀಕ್ಷೆ ನಡೆಸುವ ಅಧಿಕಾರವನ್ನೂ ಉಳಿಸಿಕೊಂಡಿರುತ್ತಾರೆ.

ಒಪ್ಪಂದದ ವ್ಯಾಪ್ತಿಯನ್ನು ಓದುವುದೂ ಅಷ್ಟೇ ಮುಖ್ಯ. ಭಾರತ ಮತ್ತು ಸಿಂಗಪುರದ ನಡುವಿನ ಸಮಗ್ರ ಆರ್ಥಿಕ ಸಹಕಾರ ಒಪ್ಪಂದ 2005ರ ಆಗಸ್ಟ್ 1ರಂದು ಜಾರಿಗೆ ಬಂದಿತು. ಅದರಲ್ಲಿ ಪರಸ್ಪರ ಮಾನ್ಯತೆಯ ಅಧ್ಯಾಯವೇ ಇದೆ. ಆದರೆ ಆಗ ಅದರ ವ್ಯಾಪ್ತಿಗೆ ಬಂದದ್ದು ವಿದ್ಯುತ್ ಮತ್ತು ಇಲೆಕ್ಟ್ರಾನಿಕ್ ಉಪಕರಣಗಳು, ದೂರಸಂಪರ್ಕ ಉಪಕರಣಗಳು, ಆಹಾರದಲ್ಲಿ ಮೊಟ್ಟೆಯ ಉತ್ಪನ್ನ, ಹಾಲಿನ ಉತ್ಪನ್ನ ಹಾಗೂ ಪ್ಯಾಕ್ ಮಾಡಿದ ಕುಡಿಯುವ ನೀರು. ಸಂಬಾರ ಪದಾರ್ಥಗಳು ಆ ಪಟ್ಟಿಯಲ್ಲಿರಲಿಲ್ಲ. 2024ರ ಏಪ್ರಿಲ್‌ನಲ್ಲಿ ಸಿಂಗಪುರ ಮತ್ತು ಹಾಂಗ್‌ಕಾಂಗ್ ಅಧಿಕಾರಿಗಳು ಭಾರತದ ಕೆಲವು ಮಸಾಲೆ ಪುಡಿಗಳಲ್ಲಿ ಎಥಿಲೀನ್ ಆಕ್ಸೈಡ್ ಅಂಶವಿದೆಯೆಂದು ಕ್ರಮ ಕೈಗೊಂಡಾಗ, ಎರಡು ದೇಶಗಳ ನಡುವೆ ಒಪ್ಪಂದವಿದೆ ಎಂಬ ಮಾತು ರಫ್ತುದಾರರ ನೆರವಿಗೆ ಬರಲಿಲ್ಲ. ಮರು ತಿಂಗಳಿನಿಂದಲೇ ಈ ಎರಡು ಸ್ಥಳಗಳಿಗೆ ಹೋಗುವ ಸಂಬಾರ ಪದಾರ್ಥಗಳಿಗೆ ಭಾರತದಲ್ಲಿಯೇ ಕಡ್ಡಾಯ ಪರೀಕ್ಷೆಯನ್ನು ಸಂಬಾರ ಮಂಡಳಿ ಜಾರಿಗೊಳಿಸಿತು.

ಎಥಿಲೀನ್ ಆಕ್ಸೈಡ್ ವಿಷಯದಲ್ಲಿಯೂ ನಿಯಮಗಳ ಅಂತರ ಗಮನಿಸತಕ್ಕದ್ದು. ಸೂಕ್ಷ್ಮಾಣುಗಳನ್ನು ನಾಶಮಾಡಲು ಈ ಅನಿಲದಿಂದ ಸಂಬಾರ ಪದಾರ್ಥಗಳನ್ನು ಸಂಸ್ಕರಿಸುವುದಕ್ಕೆ ಅಮೆರಿಕ ಅವಕಾಶವಿತ್ತು, ಪ್ರತಿ ಕಿಲೋಗ್ರಾಂಗೆ 7 ಮಿಲಿಗ್ರಾಂ ಶೇಷಾಂಶದ ಮಿತಿಯನ್ನು ನಿಗದಿಪಡಿಸಿತ್ತು. ಯುರೋಪಿಯನ್ ಒಕ್ಕೂಟದಲ್ಲಿ ಈ ಬಳಕೆಗೆ ಅವಕಾಶವೇ ಇಲ್ಲದೆ, ಸಂಬಾರ ಪದಾರ್ಥಗಳಿಗೆ 0.1 ಮಿಲಿಗ್ರಾಂ ಮಿತಿ ಇದೆ. ಒಂದು ದೇಶದ ಖರೀದಿದಾರನಿಗಾಗಿ ಸಂಸ್ಕರಿಸಿದ ಮಾಲನ್ನು, ಬೇಡಿಕೆ ರದ್ದಾಯಿತೆಂದು ಇನ್ನೊಂದು ದೇಶಕ್ಕೆ ತಿರುಗಿಸುವುದು ಎಷ್ಟು ಅಪಾಯಕಾರಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮಾವಿನ ಹಣ್ಣಿನ ಅನುಭವ

ಸಮಾನತೆಯ ಅಂಗೀಕಾರ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಮಾವಿನ ಹಣ್ಣು ಉತ್ತಮ ನಿದರ್ಶನ. ಹಣ್ಣಿನ ನೊಣ ಮತ್ತು ಓಟೆಯ ಕೀಟದ ಭಯದಿಂದ ಭಾರತದ ತಾಜಾ ಮಾವಿಗೆ ಅಮೆರಿಕದ ಮಾರುಕಟ್ಟೆ 1989ರಿಂದ ಸುಮಾರು ಹದಿನೆಂಟು ವರ್ಷ ಮುಚ್ಚಿತ್ತು. 2006ರಲ್ಲಿ ಎರಡು ದೇಶಗಳು ವಿಕಿರಣ ಸಂಸ್ಕರಣೆಯ ಸಮಾನತೆಗೆ ಸಂಬಂಧಿಸಿದ ಕಾರ್ಯಯೋಜನೆಗೆ ಸಹಿ ಹಾಕಿದವು. ಹಣ್ಣಿಗೆ ಕನಿಷ್ಠ 400 ಗ್ರೇ ಪ್ರಮಾಣದ ವಿಕಿರಣ ನೀಡಿದರೆ ಕೀಟಗಳಿಂದ ದೊರೆಯುವ ರಕ್ಷಣೆ ಸಾಕಾದಷ್ಟಿರುತ್ತದೆ ಎಂದು ಅಮೆರಿಕ ಒಪ್ಪಿತು. 2007ರ ಏಪ್ರಿಲ್‌ನಲ್ಲಿ, ನಾಸಿಕ್ ಜಿಲ್ಲೆಯ ಲಾಸಲಗಾಂವದ ಕೇಂದ್ರದಲ್ಲಿ ಸಂಸ್ಕರಣೆಗೊಂಡ ಮೊದಲ ರವಾನೆ ಅಮೆರಿಕಕ್ಕೆ ಹೊರಟಿತು. ಮುಂದಿನ ವರ್ಷಗಳಲ್ಲಿ ಕರ್ನಾಟಕದ ಮಾಲೂರಿನ ಕೇಂದ್ರವೂ ಇಂತಹ ಸಂಸ್ಕರಣೆಗೆ ಒಪ್ಪಿಗೆ ಪಡೆಯಿತು. ಜಪಾನ್ ಬೇರೆ ದಾರಿ ಹಿಡಿದು, ಬಿಸಿ ಆವಿಯ ಸಂಸ್ಕರಣೆಯ ಷರತ್ತಿನ ಮೇಲೆ 2006ರಲ್ಲಿ ಬಾಗಿಲು ತೆರೆಯಿತು.

ಆದರೆ ಆರಂಭದ ವ್ಯವಸ್ಥೆಯಲ್ಲಿ ಅಮೆರಿಕದ ತಪಾಸಣಾಧಿಕಾರಿಯೇ ಭಾರತದ ಕೇಂದ್ರಕ್ಕೆ ಬಂದು ನಿಂತು ನೋಡಬೇಕಾಗಿತ್ತು. ವಿಧಾನದ ಮೇಲೆ ನಂಬಿಕೆ ಮೂಡಿತ್ತೇ ಹೊರತು ವಿಧಾನವನ್ನು ನಡೆಸುವವರ ಮೇಲೆ ಪೂರ್ಣ ನಂಬಿಕೆ ಇನ್ನೂ ಮೂಡಿರಲಿಲ್ಲ. 2020 ಮತ್ತು 2021ರಲ್ಲಿ ಕೋವಿಡ್ ಕಾರಣದಿಂದ ಅಧಿಕಾರಿಗಳು ಪ್ರಯಾಣ ಮಾಡಲಾಗಲಿಲ್ಲ. ಹಣ್ಣು, ಯಂತ್ರ, ಖರೀದಿದಾರ ಎಲ್ಲವೂ ಇದ್ದರೂ ರಫ್ತು ನಿಂತುಹೋಯಿತು. 2021ರ ನವೆಂಬರ್‌ನ ಮಾತುಕತೆಯ ಬಳಿಕ ಮೇಲ್ವಿಚಾರಣೆಯನ್ನು ಭಾರತದ ಅಧಿಕಾರಿಗಳಿಗೆ ಹಸ್ತಾಂತರಿಸುವ ವ್ಯವಸ್ಥೆಗೆ ಒಪ್ಪಿಗೆ ದೊರೆತು, 2022ರ ಹಂಗಾಮಿನಲ್ಲಿ ರಫ್ತು ಪುನರಾರಂಭವಾಯಿತು.

ಕಾಗದಪತ್ರದ ಮಹತ್ವವನ್ನು 2025ರ ಮೇ ತಿಂಗಳು ತೋರಿಸಿಕೊಟ್ಟಿತು. ಮುಂಬಯಿಯಲ್ಲಿ ಸಂಸ್ಕರಣೆಗೊಂಡ ಸುಮಾರು 15 ಮಾವಿನ ರವಾನೆಗಳನ್ನು ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಅಟ್ಲಾಂಟಾ ವಿಮಾನ ನಿಲ್ದಾಣಗಳಲ್ಲಿ ತಡೆಯಲಾಯಿತು. ಆಕ್ಷೇಪವಿದ್ದದ್ದು ಸಂಸ್ಕರಣೆಗೆ ಸಂಬಂಧಿಸಿದ ದಾಖಲೆಯ ಬಗ್ಗೆ. ಮರಳಿ ತರಿಸಿಕೊಳ್ಳುವ ವೆಚ್ಚ ಹಣ್ಣಿನ ಬೆಲೆಯನ್ನೇ ಮೀರುವಂತಿದ್ದುದರಿಂದ ರಫ್ತುದಾರರು ಹಣ್ಣನ್ನು ಅಲ್ಲಿಯೇ ನಾಶಪಡಿಸಲು ಒಪ್ಪಬೇಕಾಯಿತು. ತಪಾಸಣೆ ಮೂಲಸ್ಥಾನದಲ್ಲಿ ನಡೆಯುವ ವ್ಯವಸ್ಥೆಯಲ್ಲಿ ಬಂದರಿನವರು ನೋಡುವುದು ಮುಖ್ಯವಾಗಿ ದಾಖಲೆಯನ್ನು. ಆದ್ದರಿಂದ ದಾಖಲೆಯ ದೋಷವೂ ಮಾಲಿನ ದೋಷದಷ್ಟೇ ದುಬಾರಿಯಾಗಬಲ್ಲದು.

ಹಾನಗಲ್ ಭಾಗದ ಆಪೂಸ್ ಹಣ್ಣಿನ ವ್ಯಾಪಾರಸ್ಥರು ಇನ್ನೊಂದು ಅಂಶವನ್ನು ಗಮನಿಸಬೇಕು. ವಿಕಿರಣ, ಬಿಸಿ ಆವಿಗಳ ಷರತ್ತು ತಾಜಾ ಹಣ್ಣಿಗೆ ಸಂಬಂಧಿಸಿದ್ದು. ಅದು ಕೀಟ ತಡೆಯ ವಿಷಯ. ಅದೇ ಹಣ್ಣನ್ನು ತಿರುಳು ಮಾಡಿ ಡಬ್ಬಿಯಲ್ಲಿ ತುಂಬಿದಾಗ ನೊಣದ ಪ್ರಶ್ನೆ ಉಳಿಯುವುದಿಲ್ಲ. ಆಗ ಕೀಟನಾಶಕದ ಶೇಷ, ಶುಚಿತ್ವ, ಕಾರ್ಖಾನೆಯ ನೋಂದಣಿ ಮುಂತಾದ ಆಹಾರ ಸುರಕ್ಷತೆಯ ನಿಯಮಗಳು ಅನ್ವಯವಾಗುತ್ತವೆ. ಸರಕಿನ ರೂಪ ಬದಲಾದರೆ ಅನ್ವಯವಾಗುವ ಕಾನೂನು ಮತ್ತು ಮಾನ್ಯತೆ ಎರಡೂ ಬದಲಾಗುತ್ತವೆ.

ಒಬ್ಬನ ಕಲಬೆರಕೆ, ಎಲ್ಲರ ನಷ್ಟ

ಮೆಣಸಿನಕಾಯಿ ಕಲಿಸಿದ ಪಾಠ ಇನ್ನೂ ಕಠಿಣವಾದದ್ದು. 2003ರ ಮೇ ತಿಂಗಳಲ್ಲಿ ಭಾರತದಿಂದ ಹೋದ ಮೆಣಸಿನ ಪದಾರ್ಥದಲ್ಲಿ ಸುಡಾನ್ 1 ಎಂಬ ಕೃತಕ ಬಣ್ಣ ಇರುವುದನ್ನು ಫ್ರಾನ್ಸ್ ಪತ್ತೆಹಚ್ಚಿತು. ಎಣ್ಣೆ, ಮೇಣ, ಪಾಲಿಶ್‌ಗಳಿಗೆ ಬಳಸುವ ಈ ಬಣ್ಣಕ್ಕೆ ಆಹಾರದಲ್ಲಿ ಅವಕಾಶವಿಲ್ಲ. ಮುಂದಿನ ತಿಂಗಳೇ ಯುರೋಪಿಯನ್ ಒಕ್ಕೂಟವು, ಸುಡಾನ್ 1 ಇಲ್ಲವೆಂಬ ವಿಶ್ಲೇಷಣಾ ವರದಿ ಇಲ್ಲದೆ ಮೆಣಸಿನಕಾಯಿ ಮತ್ತು ಅದರ ಪುಡಿಯನ್ನು ಒಳಗೆ ಬಿಡುವುದಿಲ್ಲವೆಂದು ತುರ್ತು ಆದೇಶ ಹೊರಡಿಸಿತು. 2004ರಲ್ಲಿ ಆ ಗುಂಪಿನ ಇತರ ಬಣ್ಣಗಳನ್ನೂ ಇದಕ್ಕೆ ಸೇರಿಸಲಾಯಿತು. 2005ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ, ಬಣ್ಣ ಬೆರೆತ ಮೆಣಸಿನ ಪುಡಿಯಿಂದ ತಯಾರಾದ ಒಂದು ಸಾಸ್‌ನಿಂದಾಗಿ ನೂರಾರು ಬಗೆಯ ಸಿದ್ಧ ಆಹಾರಗಳನ್ನು ಅಂಗಡಿಗಳಿಂದ ಹಿಂತೆಗೆಯಬೇಕಾಯಿತು.

ಬ್ಯಾಡಗಿ ಮೆಣಸಿನಕಾಯಿಯ ಬೆಲೆ ನಿಂತಿರುವುದೇ ಅದರ ಸಹಜ ಬಣ್ಣದ ಮೇಲೆ. ಬಣ್ಣದ ಸತ್ವವನ್ನು ತೆಗೆಯುವ ಓಲಿಯೋರೆಸಿನ್ ಕಾರ್ಖಾನೆಗಳು ಅದನ್ನು ಬಯಸುವುದೂ ಇದೇ ಕಾರಣಕ್ಕೆ. ಎಲ್ಲಿಯೋ ಯಾರೋ ಬೆರೆಸಿದ ಕೃತಕ ಬಣ್ಣದ ಫಲವಾಗಿ, ಬಣ್ಣ ಬೆರೆಸುವ ಅಗತ್ಯವೇ ಇಲ್ಲದ ಈ ಪ್ರದೇಶದ ಮಾಲೂ ಪರೀಕ್ಷೆಯ ಸಾಲಿನಲ್ಲಿ ನಿಲ್ಲಬೇಕಾಯಿತು. ಆದೇಶಗಳು ಹೊರಡುವುದು ದೇಶ ಮತ್ತು ಸರಕಿನ ಹೆಸರಿನಲ್ಲಿ. ವ್ಯಾಪಾರಿಯ ಪ್ರಾಮಾಣಿಕತೆಯನ್ನು ಪ್ರತ್ಯೇಕವಾಗಿ ತೂಗುವ ವ್ಯವಸ್ಥೆ ಅಲ್ಲಿಲ್ಲ.

ಈ ಸಂಕಟಕ್ಕೆ ದೊರೆತ ಪರಿಹಾರವೂ ಗಮನಾರ್ಹ. ರಫ್ತಾಗುವ ಮೆಣಸಿನಕಾಯಿ ಮತ್ತು ಅದರ ಉತ್ಪನ್ನಗಳ ಮಾದರಿಯನ್ನು ಭಾರತದಲ್ಲಿಯೇ ತೆಗೆದು, ಸುಡಾನ್ ಬಣ್ಣ ಮತ್ತು ಅಫ್ಲಾಟಾಕ್ಸಿನ್‌ಗಾಗಿ ಕಡ್ಡಾಯವಾಗಿ ಪರೀಕ್ಷಿಸುವ ಕ್ರಮವನ್ನು ಸಂಬಾರ ಮಂಡಳಿ ಆರಂಭಿಸಿತು. ಹೊರದೇಶದ ನಂಬಿಕೆಯನ್ನು ಮರಳಿ ಗಳಿಸುವ ಮಾರ್ಗ ಮನೆಯ ತಪಾಸಣೆಯನ್ನು ಬಿಗಿಗೊಳಿಸುವುದೇ ಆಗಿತ್ತು.

ಮಾನ್ಯತೆ ಶಾಶ್ವತವಲ್ಲ

ಒಮ್ಮೆ ದೊರೆತ ಮಾನ್ಯತೆ ಹಿಂದಕ್ಕೆ ಹೋಗಲಾರದೆಂದು ತಿಳಿಯುವಂತಿಲ್ಲ. ಭಾರತದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮವು 2001ರಲ್ಲಿ ಆರಂಭವಾಗಿ, 2006ರಲ್ಲಿ ಯುರೋಪಿಯನ್ ಒಕ್ಕೂಟ ಮತ್ತು ಅಮೆರಿಕ ಎರಡರಿಂದಲೂ ಮಾನ್ಯತೆ ಗಳಿಸಿತು. ಆದರೆ 2021ರ ಜನವರಿಯಲ್ಲಿ ಅಮೆರಿಕದ ಕೃಷಿ ಇಲಾಖೆ ತಾನು ನೀಡಿದ್ದ ಮಾನ್ಯತೆಯನ್ನು ಕೊನೆಗೊಳಿಸಿತು. ಹದಿನೆಂಟು ತಿಂಗಳ ಕಾಲಾವಕಾಶದಲ್ಲಿ ಅಲ್ಲಿಗೆ ರಫ್ತು ಮಾಡುವವರು ಅಮೆರಿಕದ ನಿಯಮದಂತೆ ಹೊಸದಾಗಿ ಪ್ರಮಾಣಪತ್ರ ಪಡೆಯಬೇಕಾಯಿತು. ಇದಕ್ಕೆ ವಿರುದ್ಧವಾಗಿ, 2024ರ ಜುಲೈನಲ್ಲಿ ತೈವಾನ್‌ನೊಂದಿಗೆ ಸಾವಯವ ಉತ್ಪನ್ನಗಳ ಪರಸ್ಪರ ಮಾನ್ಯತಾ ಒಪ್ಪಂದ ಜಾರಿಗೆ ಬಂದು ಹೊಸ ಬಾಗಿಲು ತೆರೆಯಿತು.

ಪರಸ್ಪರ ಎಂಬ ಪದಕ್ಕೂ ತಕ್ಕ ಬೆಲೆ ಕೊಡಬೇಕಾಗುತ್ತದೆ. ಭಾರತವೂ ಅನೇಕ ವಸ್ತುಗಳಿಗೆ ಗುಣಮಟ್ಟ ನಿಯಂತ್ರಣ ಆದೇಶಗಳನ್ನು ಹೊರಡಿಸಿದೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ ಗುರುತು ಕಡ್ಡಾಯವಾದಾಗ ಹೊರದೇಶದ ಕಾರ್ಖಾನೆಗಳೂ ಅದರ ಪರವಾನಗಿ ಪಡೆಯಬೇಕಾಯಿತು. ನಮ್ಮ ಪರೀಕ್ಷೆಯನ್ನು ಒಪ್ಪಿರೆಂದು ಕೇಳುವ ದೇಶ, ಎದುರಿನವರ ಪರೀಕ್ಷೆಯನ್ನು ಒಪ್ಪುವ ಬೇಡಿಕೆಗೂ ಉತ್ತರಿಸಬೇಕಾಗುತ್ತದೆ. ಇದರಿಂದ ಸಣ್ಣ ಕೈಗಾರಿಕೆಗಳಿಗೆ ಸ್ವದೇಶಿ ಮಾರುಕಟ್ಟೆಯಲ್ಲಿ ಪೈಪೋಟಿ ಹೆಚ್ಚುವುದೆಂಬ ಅಳುಕು ಸಹಜವಾದದ್ದೇ. ಆದ್ದರಿಂದಲೇ ಯಾವ ಸರಕನ್ನು ಒಪ್ಪಂದದ ಪಟ್ಟಿಗೆ ಸೇರಿಸಬೇಕೆಂಬ ಚರ್ಚೆಯ ಕಾಲದಲ್ಲಿಯೇ ವಾಣಿಜ್ಯ ಸಂಘಗಳ ಮೂಲಕ ಅಭಿಪ್ರಾಯ ತಿಳಿಸುವುದು ಲೇಸು. ಸಹಿಯಾದ ಬಳಿಕ ಆಕ್ಷೇಪಿಸಿ ಪ್ರಯೋಜನವಿಲ್ಲ.

ವ್ಯಾಪಾರಸ್ಥರು ಕೈಗೊಳ್ಳಬೇಕಾದ ಕ್ರಮಗಳು

1. ಆಮದು–ರಫ್ತು ಸಂಕೇತ ಸಂಖ್ಯೆಯ ಜೊತೆಗೆ ಸರಕಿಗೆ ಅನುಗುಣವಾದ ನೋಂದಣಿ ಪಡೆಯಬೇಕು. ಮೆಣಸಿನಕಾಯಿಗೆ ಸಂಬಾರ ಮಂಡಳಿ, ಮಾವು ಮತ್ತು ಅದರ ತಿರುಳಿಗೆ ಅಪೆಡಾ ಸಂಸ್ಥೆ ಸಂಬಂಧಪಟ್ಟ ಪ್ರಾಧಿಕಾರಗಳು.

2. ಮಾಲು ಅಂತಿಮವಾಗಿ ಯಾವ ದೇಶಕ್ಕೆ ಹೋಗುತ್ತದೆ, ಅಲ್ಲಿ ಯಾವ ಅಂಶಕ್ಕೆ ಎಷ್ಟು ಮಿತಿ ಇದೆ ಎಂಬುದನ್ನು ಖರೀದಿದಾರನಿಂದ ಲಿಖಿತವಾಗಿ ಪಡೆಯಬೇಕು. ‘ರಫ್ತು ಗುಣಮಟ್ಟ’ ಎಂಬ ಬಾಯಿಮಾತನ್ನು ನೆಚ್ಚುವಂತಿಲ್ಲ.

3. ಪ್ರಯೋಗಾಲಯಕ್ಕೆ ಮಾನ್ಯತೆ ಇದೆಯೆಂದಷ್ಟೇ ನೋಡದೆ, ಬೇಕಾದ ಪರೀಕ್ಷೆ ಆ ಮಾನ್ಯತೆಯ ವ್ಯಾಪ್ತಿಯಲ್ಲಿ ಸೇರಿದೆಯೇ ಎಂಬುದನ್ನು ಪರಿಶೀಲಿಸಬೇಕು. ಅಫ್ಲಾಟಾಕ್ಸಿನ್ ಇಡೀ ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ. ಮೇಲಿನ ಒಂದೆರಡು ಚೀಲಗಳಿಂದ ತೆಗೆದ ಮಾದರಿಯ ವರದಿ ದಾರಿ ತಪ್ಪಿಸಬಹುದು.

4. ತೇವಾಂಶವೇ ಅಫ್ಲಾಟಾಕ್ಸಿನ್‌ನ ಮೂಲ. ಬರಿ ನೆಲದ ಬದಲು ತಾಡಪತ್ರಿ ಅಥವಾ ಸಿಮೆಂಟ್ ಕಣದ ಮೇಲೆ ಒಣಗಿಸುವುದು, ತೂಕ ಅಥವಾ ಹೊಳಪಿಗಾಗಿ ನೀರು ಚಿಮುಕಿಸದಿರುವುದು, ಹಸಿ ಮಾಲನ್ನು ಒಣ ಮಾಲಿನೊಂದಿಗೆ ಬೆರೆಸದಿರುವುದು ಯಾವ ಪ್ರಯೋಗಾಲಯಕ್ಕಿಂತಲೂ ಮುಂಚಿನ ರಕ್ಷಣೆ.

5. ಪರೀಕ್ಷೆಯಾದ ರಾಶಿಯನ್ನು ಶೀತಲಗೃಹದಲ್ಲಿಯೂ ಲಾರಿಯಲ್ಲಿಯೂ ಪ್ರತ್ಯೇಕವಾಗಿರಿಸಿ, ರಾಶಿಯ ಸಂಖ್ಯೆ, ತಂದ ರೈತ, ದಲಾಲಿ ಅಂಗಡಿ, ದಿನಾಂಕ ಇವುಗಳನ್ನು ದಾಖಲಿಸಬೇಕು. ದಾಖಲೆಯಲ್ಲಿನ ತೂಕ, ಚೀಲಗಳ ಸಂಖ್ಯೆ ಹಾಗೂ ಗುರುತುಗಳು ರವಾನೆಯ ಎಲ್ಲ ಕಾಗದಗಳಲ್ಲಿಯೂ ಒಂದೇ ಆಗಿರಬೇಕು.

6. ಹೊಸ ನಿಯಮಗಳ ಕರಡನ್ನು ದೇಶಗಳು ವಿಶ್ವ ವಾಣಿಜ್ಯ ಸಂಸ್ಥೆಗೆ ಮುಂಚಿತವಾಗಿ ತಿಳಿಸುತ್ತವೆ. ಅಭಿಪ್ರಾಯ ಸಲ್ಲಿಸಲು ಸಾಮಾನ್ಯವಾಗಿ 60 ದಿನಗಳ ಅವಕಾಶವಿರುತ್ತದೆ. ಇ-ಪಿಂಗ್ ಎಂಬ ಉಚಿತ ಸೇವೆಯಲ್ಲಿ ಸರಕು ಮತ್ತು ದೇಶವನ್ನು ನಮೂದಿಸಿದರೆ ಇಂತಹ ಸೂಚನೆಗಳು ಮಿಂಚಂಚೆಯ ಮೂಲಕ ಬರುತ್ತವೆ.

ಉಪಸಂಹಾರ

ಹಿಂದೆ ಹುಬ್ಬಳ್ಳಿಯ ಪೇಢಿಯಲ್ಲಿ ಬರೆದ ಹುಂಡಿಗೆ ಮುಂಬಯಿಯ ಪೇಢಿ ಹಣ ಪಾವತಿ ಮಾಡುತ್ತಿದ್ದುದು ಕಾಗದದ ಬಲದಿಂದಲ್ಲ, ಬರೆದವರ ಪತಿನ ಮೇಲೆ. ಪರಸ್ಪರ ಮಾನ್ಯತೆಯೂ ಅಂತಹದೇ ವ್ಯವಹಾರ. ಅದು ತಪಾಸಣೆಯನ್ನು ರದ್ದುಮಾಡುವುದಿಲ್ಲ. ಹೊರದೇಶದ ಬಂದರಿನಿಂದ ನಮ್ಮ ಕಣ, ಗೋದಾಮು ಮತ್ತು ಕಾರ್ಖಾನೆಗಳಿಗೆ ಅದನ್ನು ವರ್ಗಾಯಿಸುತ್ತದೆ. ಇದರಿಂದ ವೆಚ್ಚ ಮತ್ತು ವಿಳಂಬ ಕಡಿಮೆಯಾಗುತ್ತವೆ, ಹೊಣೆಗಾರಿಕೆ ಹೆಚ್ಚುತ್ತದೆ. ಒಪ್ಪಂದಗಳಿಗೆ ಸಹಿ ಹಾಕುವುದು ಸರಕಾರಗಳ ಕೆಲಸ. ಆ ಸಹಿಗೆ ಬೆಲೆ ಉಳಿಯುವುದು ಹಾನಗಲ್ಲಿನ ತೋಟದಲ್ಲಿ, ಬ್ಯಾಡಗಿಯ ಪೇಟೆಯಲ್ಲಿ ಚೀಲ ಹೊಲಿಯುವ ಮುನ್ನ ವಹಿಸುವ ಎಚ್ಚರಿಕೆಯಿಂದ ಎಂಬುದನ್ನು ವ್ಯಾಪಾರಸ್ಥರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ಮನಗಾಣಬೇಕಾಗಿದೆ.